ಮಹಿಷಾಸುರ ಬರುವ ಮೊದಲು

(ಮೈಸೂರಿನ ನಮ್ಮ ಬಡಾವಣೆಯ ಓದುಗರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಸಿನಿಮಾ ಬಗ್ಗೆ ಮಾತಾಡಿ ಅಂತ ಬಳಗದವರು ಹೇಳಿದಾಗ ನಾನು ಒಂದೇ ಮಾತು ಕೇಳಿದೆ. ಟಿಕೆಟ್ ತಗೊಂಡು ನೋಡುವವನಾಗಿ ಮಾತಾಡಬಹುದಾ ಅಂತ. ಆಗಬಹುದು ಅಂದರು. ನಾನು ಔಷಧಿ ಅಂಗಡಿ ನಡೆಸುವವನು. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿಗೆ ರಜೆ. ಹಾಗಾಗಿ ತಿಂಗಳಿಗೆ ಒಂದು ಸಿನಿಮಾ, ಅದೂ ಮನೆಯವರ ಜೊತೆ. ಇಷ್ಟು ಕಡಿಮೆ ನೋಡುವವರಿಗೆ ಯಾವುದಕ್ಕೆ ಹೋಗಬೇಕು ಅನ್ನೋದು ದೊಡ್ಡ ವಿಷಯ. ಹೋಗಿ ಬಂದ ಮೇಲೆ ವಾರಗಟ್ಟಲೆ ಅದನ್ನೇ ಯೋಚಿಸುತ್ತೇವೆ. ಅಂಗಡಿಗೆ ಬರುವವರ ಹತ್ತಿರವೂ ಅದೇ ಮಾತು.

ಕಳೆದ ಮೂರ್ನಾಲ್ಕು ವರ್ಷದಲ್ಲಿ ನಾನು ನೋಡಿದ ಸಿನಿಮಾಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಬಗೆಯವು. ದೈವ, ಯಕ್ಷಿ, ಅಸುರ, ಶಾಪ, ವರ, ಅದರ ಜೊತೆಗೆ ದೊಡ್ಡ ದೊಡ್ಡ ಹೊಡೆದಾಟ. ಪೇಪರಿನಲ್ಲಿ ಫ್ಯಾಂಟಸಿ ಆಕ್ಷನ್ ಅಂತ ಬರೆಯುತ್ತಾರೆ. ಕೆಲವು ನೋಡಿ ಮೈ ಜುಮ್ಮೆಂದಿತು. ಕೆಲವು ನೋಡುವಾಗ ಗಡಿಯಾರ ನೋಡಿಕೊಂಡೆ. ಯಾಕೆ ಹೀಗೆ? ಎಲ್ಲದರಲ್ಲೂ ದುಡ್ಡು ಹಾಕಿದ್ದಾರೆ, ಎಲ್ಲದರಲ್ಲೂ ಕಷ್ಟಪಟ್ಟಿದ್ದಾರೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಾನು ಮತ್ತೆ ಮತ್ತೆ ಊರಿನ ಒಂದು ಗದ್ದೆಗೆ ಹೋಗಿ ನಿಲ್ಲುತ್ತೇನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮದು ದಕ್ಷಿಣ ಕನ್ನಡದ ಒಂದು ಹಳ್ಳಿ. ಕೊಯ್ಲು ಮುಗಿದ ಗದ್ದೆಯಲ್ಲಿ ಕಟೀಲು ಯಕ್ಷಗಾನ ಮೇಳದ ಹರಕೆಯಾಟ, ಅಂದರೆ ಹರಕೆ ಹೊತ್ತವರು ಆಡಿಸುವ ಆಟ, ಆಗುತ್ತಿತ್ತು. ಪ್ರಸಂಗ ಹೆಚ್ಚಾಗಿ ದೇವಿ ಮಹಾತ್ಮೆ. ನನ್ನ ಸೋದರಮಾವ ಬೇರೆ ಒಂದು ಸಣ್ಣ ಮೇಳದಲ್ಲಿ ಬಣ್ಣದ ವೇಷ, ಅಂದರೆ ಅಸುರರ ವೇಷ, ಮಾಡುತ್ತಿದ್ದರು. ಅವರ ಆಟ ಇದ್ದ ದಿನ ನಾನು ಸಂಜೆಯೇ ವೇಷ ಹಾಕುವ ಜಾಗಕ್ಕೆ, ಚೌಕಿಗೆ ಹೋಗಿ ಕೂತುಬಿಡುತ್ತಿದ್ದೆ. ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ, ಒಂದು ಸಣ್ಣ ಕಡ್ಡಿಯಲ್ಲಿ ಅದನ್ನು ಎತ್ತಿ ಮುಖದ ಮೇಲೆ ಒಂದೊಂದೇ ಚುಕ್ಕಿಯಾಗಿ ಇಡುತ್ತಾರೆ. ಅದಕ್ಕೆ ಚಿಟ್ಟಿ ಅಂತಾರೆ. ಒಂದು ಸಾಲು ಒಣಗಬೇಕು, ಆಮೇಲೆ ಅದರ ಮೇಲೆ ಇನ್ನೊಂದು. ಮೂರು ನಾಲ್ಕು ಗಂಟೆ ಅದೇ ಕೆಲಸ. ಮಾವ ಕನ್ನಡಿ ಬಿಟ್ಟು ಆಚೆ ಈಚೆ ನೋಡುತ್ತಿರಲಿಲ್ಲ. ಮಾತೂ ಇಲ್ಲ. ಮಾತಾಡಿದರೆ ಕೆನ್ನೆ ಅಲುಗಿ ಚಿಟ್ಟಿ ಉದುರುತ್ತದೆ. ಕಣ್ಣೆದುರೇ ನನಗೆ ಗೊತ್ತಿದ್ದ ಮುಖ ನಿಧಾನಕ್ಕೆ ಹೋಗಿ, ಗೊತ್ತಿಲ್ಲದ ಮುಖ ಬರುತ್ತಿತ್ತು.

ಆದರೆ ರಂಗಸ್ಥಳದ ಮುಂದೆ ಕೂತವರಿಗೆ ಇದೇನೂ ಕಾಣುವುದಿಲ್ಲ. ಅವರು ಕಾಯುತ್ತಿರುತ್ತಾರೆ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ಬರುವ ಹೊತ್ತಿಗೆ ಅವನ ತಾಯಿ ಮಾಲಿನಿಯ ಕಥೆ ನೋಡಿ ಆಗಿರುತ್ತದೆ. ಮಕ್ಕಳು ಚಾಪೆಯ ಮೇಲೆ ನಿದ್ದೆ. ಅಮ್ಮ ಎಬ್ಬಿಸುತ್ತಿದ್ದಳು, "ಏಳು, ಈಗ ಬರ್ತಾನೆ." ಚೆಂಡೆಯ ಪೆಟ್ಟು ಬದಲಾಗುತ್ತದೆ. ನಾವೆಲ್ಲ ರಂಗಸ್ಥಳ ನೋಡುತ್ತಿದ್ದರೆ ಅಟ್ಟಹಾಸ ಕೇಳುವುದು ನಮ್ಮ ಬೆನ್ನ ಹಿಂದಿನಿಂದ. ತಿರುಗಿದರೆ ದೂರದಲ್ಲಿ ದೊಂದಿ, ಅಂದರೆ ಪಂಜು. ಅದಕ್ಕೆ ರಾಳದ ಪುಡಿ ಎರಚಿದಾಗ ಭುಗ್ ಅಂತ ಬೆಂಕಿ ಮೇಲೇಳುತ್ತದೆ. ಆ ಬೆಂಕಿಯ ಬೆಳಕಲ್ಲಿ ಒಂದು ಕ್ಷಣ ಎರಡು ಕೋಡು ಕಾಣುತ್ತವೆ, ಮತ್ತೆ ಕತ್ತಲು. ಜನರ ನಡುವೆ ದಾರಿ ಆಗುತ್ತದೆ. ಅವನು ನಮ್ಮ ಪಕ್ಕದಲ್ಲೇ ಹಾದು ಹೋಗುತ್ತಾನೆ. ಬೆವರು, ಎಣ್ಣೆ, ಹೊಗೆ, ಎಲ್ಲದರ ವಾಸನೆ ಬರುತ್ತದೆ.

ಅಲ್ಲಿ ಗ್ರಾಫಿಕ್ಸ್ ಇರಲಿಲ್ಲ. ಇದ್ದದ್ದು ಬಣ್ಣ, ಬೆಂಕಿ, ಚೆಂಡೆ, ಮತ್ತೆ ನಾವು ಕಾದ ಮೂರು ಗಂಟೆ. ನನ್ನ ಪ್ರಕಾರ ಆ ಕಾಯುವಿಕೆಯೂ ವೇಷದ ಒಂದು ಭಾಗ. ಇವತ್ತಿನ ಸಿನಿಮಾಗಳನ್ನು ನಾನು ಅಳೆಯುವುದು ಇದರಿಂದಲೇ. ಅದ್ಭುತವನ್ನು ತೋರಿಸುವ ಮೊದಲು ನನ್ನನ್ನು ಕಾಯಿಸಿದರಾ? ಅದಕ್ಕೊಂದು ಕಟ್ಟಳೆ ಇದೆಯಾ? ಯಾರಾದರೂ ಅದಕ್ಕೆ ಏನಾದರೂ ತೆರುತ್ತಾರಾ?

2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂತು. ಹೊಂಬಾಳೆ ಸಂಸ್ಥೆಯದು, ರಿಷಬ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ್ದು. ಸುಮಾರು 16 ಕೋಟಿಯ ಸಿನಿಮಾ ಅಂತ ಸುದ್ದಿ ಇತ್ತು. ಈಗಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತ. ನಾನು ಎರಡನೇ ವಾರ ಹೋದೆ, ಮಾವನನ್ನೂ ಕರೆದುಕೊಂಡು. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಮೇಳ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಕಥೆ ನಿಮಗೆಲ್ಲ ಗೊತ್ತು. 1847ರಲ್ಲಿ ಒಬ್ಬ ಅರಸ ಮನಸ್ಸಿನ ನೆಮ್ಮದಿಗಾಗಿ ಕಾಡಿನ ಭೂಮಿಯನ್ನು ಜನರಿಗೆ ಬಿಟ್ಟುಕೊಟ್ಟು, ನಮ್ಮ ಕಡೆಯವರು ನಂಬುವ ಪಂಜುರ್ಲಿ ದೈವವನ್ನು ಮನೆಗೆ ಕರೆದುಕೊಂಡು ಹೋಗುತ್ತಾನೆ. ಮುಂದಿನ ತಲೆಮಾರಿಗೆ ಆ ಭೂಮಿ ವಾಪಸ್ ಬೇಕು. ನಡುವೆ ಶಿವ ಅನ್ನುವ ಒಬ್ಬ ಪುಂಡ. ಅವನು ಕಂಬಳ ಓಡಿಸುತ್ತಾನೆ, ಹಂದಿ ಬೇಟೆಯಾಡುತ್ತಾನೆ, ಜಗಳ ಮಾಡುತ್ತಾನೆ. ದೈವದ ಕನಸು ಬಿದ್ದರೆ ಬೆಚ್ಚಿ ಏಳುತ್ತಾನೆ. ಗಮನಿಸಿ, ದೈವ ಆ ಹೊತ್ತಿಗೆ ಅವನಿಗೆ ಬಲ ಕೊಡುವುದಿಲ್ಲ, ಭಯ ಕೊಡುತ್ತದೆ. ಗುಳಿಗ ಅನ್ನುವ ಉಗ್ರ ದೈವ ಅವನ ಮೈಮೇಲೆ ಬರುವುದು ಸಿನಿಮಾ ಇನ್ನೇನು ಮುಗಿಯಿತು ಅನ್ನುವಾಗ. ಅಷ್ಟರವರೆಗೆ ನಮ್ಮನ್ನು ಕಾಯಿಸಿದ್ದಾರೆ. ಆಮೇಲೆ ಆ ಕೂಗು. ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಮಾವ ಎರಡೂ ಕೈ ಜೋಡಿಸಿಕೊಂಡಿದ್ದರು. ಅದು ಸಿನಿಮಾಕ್ಕೆ ಮುಗಿದ ಕೈ ಅಲ್ಲ. ಚೌಕಿಯಲ್ಲಿ ಗಣಪತಿಯ ಮುಂದೆ ಅವರು ಹಾಗೇ ನಿಲ್ಲುತ್ತಿದ್ದದ್ದು ನನಗೆ ನೆನಪಾಯಿತು.

ಹೊಡೆದಾಟದ ನಂತರದ ದೃಶ್ಯವನ್ನು ಜನ ಅಷ್ಟು ಮಾತಾಡುವುದಿಲ್ಲ. ನನಗೆ ಇಡೀ ಸಿನಿಮಾದ ಜೀವ ಅಲ್ಲಿದೆ. ಶಿವ ಈಗ ಪಂಜುರ್ಲಿಯ ಕೋಲದಲ್ಲಿ, ಅಂದರೆ ದೈವ ಮೈಮೇಲೆ ಬರುವ ಆರಾಧನೆಯಲ್ಲಿ, ನಿಂತಿದ್ದಾನೆ. ಅರಣ್ಯ ಅಧಿಕಾರಿಯ ಕೈ ಹಿಡಿಯುತ್ತಾನೆ. ಊರವರ ಕೈ ಹಿಡಿಯುತ್ತಾನೆ. ಎಲ್ಲರ ಕೈಗಳನ್ನು ಒಟ್ಟಿಗೆ ಸೇರಿಸಿ ತನ್ನ ಎದೆಗೆ ಒತ್ತಿಕೊಳ್ಳುತ್ತಾನೆ. ಮಾತಿಲ್ಲ. ಆಮೇಲೆ ಕಾಡಿನೊಳಗೆ ಓಡಿ ಮಾಯ. ಇಷ್ಟು ರಕ್ತ ಹರಿದ ಮೇಲೆ ಒಂದು ಸಿನಿಮಾ ಕೈ ಕೈ ಹಿಡಿಸಿ ಮುಗಿಯುತ್ತದೆ. ದೈವ ನಮ್ಮೂರಲ್ಲಿ ಮಾಡುವುದೂ ಅದನ್ನೇ ಅಲ್ವಾ? ಗಡಿ ಜಗಳ, ಅಣ್ಣತಮ್ಮಂದಿರ ಮನಸ್ತಾಪ, ಎಲ್ಲ ಅಲ್ಲಿ ಬರುತ್ತದೆ. ದೈವ ನುಡಿ ಕೊಟ್ಟ ಮೇಲೆ ಇಬ್ಬರೂ ತಲೆ ತಗ್ಗಿಸುತ್ತಾರೆ.

ಹೊರಗೆ ಬಂದು ಕಾಫಿ ಕುಡಿಯುವಾಗ ಮಾವ ಕೇಳಿದ್ದು ಒಂದೇ ಪ್ರಶ್ನೆ. "ಆ ಹುಡುಗ ವ್ರತ ಹಿಡಿದಿದ್ದನಾ?" ಆಮೇಲೆ ಸಂದರ್ಶನದಲ್ಲಿ ನೋಡಿದೆ. ಆ ಭಾಗದ ಚಿತ್ರೀಕರಣಕ್ಕೆ ಮುಂಚೆ ಮಾಂಸಾಹಾರ ಬಿಟ್ಟಿದ್ದೆ ಅಂತ ರಿಷಬ್ ಹೇಳಿದ್ದರು. ಮಾವನಿಗೆ ಹೇಳಿದೆ. "ಗೊತ್ತಾಗ್ತದೆ" ಅಂದರು. 70ನೇ ರಾಷ್ಟ್ರ ಪ್ರಶಸ್ತಿಯಲ್ಲಿ ಆ ಪಾತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬಂದಾಗ ನನಗೆ ಆಶ್ಚರ್ಯ ಆಗಲಿಲ್ಲ.

ಹಾಗಂತ ಎಲ್ಲವೂ ಇಷ್ಟ ಆಯಿತು ಅಂತಲ್ಲ. ನಾಯಕ ನಾಯಕಿಯ ಸೊಂಟ ಚಿವುಟುವ ದೃಶ್ಯಕ್ಕೆ ಥಿಯೇಟರಿನಲ್ಲಿ ಶಿಳ್ಳೆ ಬಂತು. ನನ್ನ ಮಗಳು ಪಕ್ಕದಲ್ಲಿದ್ದಳು. ನನಗೆ ಕಿರಿಕಿರಿ ಆಯಿತು. ಅದು ಇಲ್ಲದಿದ್ದರೂ ಶಿವ ಪುಂಡ ಅಂತ ನಮಗೆ ಗೊತ್ತಾಗುತ್ತಿತ್ತು.

ಮೂರು ವರ್ಷ ಬಿಟ್ಟು, 2025ರ ಅಕ್ಟೋಬರ್ 2ಕ್ಕೆ 'ಕಾಂತಾರ ಅಧ್ಯಾಯ 1' ಬಂತು. ಮೊದಲಿನ ಕಥೆಗಿಂತ ಹಿಂದಿನ ಕಥೆ, ಕದಂಬರ ಕಾಲದ್ದು. ಬಂಗ್ರ ಅನ್ನುವ ರಾಜ್ಯ, ಕಾಡಿನ ಜನ, ಅವರ ನಡುವೆ ಬೆರ್ಮೆ ಅನ್ನುವ ನಾಯಕ. ಇದು ಬಹಳ ದೊಡ್ಡ ಸಿನಿಮಾ. ಪೇಟೆಯಲ್ಲಿ ರಥ ಹಿಡಿತ ತಪ್ಪಿ ಓಡುವ ದೃಶ್ಯ ಇದೆಯಲ್ಲ, ಅದು ನನಗೆ ತುಂಬ ಹಿಡಿಸಿತು. ಚಕ್ರದ ಭಾರ ಗೊತ್ತಾಗುತ್ತದೆ, ಅಂಗಡಿ ಸಾಮಾನು ಚೆಲ್ಲುವುದು ಗೊತ್ತಾಗುತ್ತದೆ. ರಾಜಕುಮಾರಿ ಕನಕವತಿಯಾಗಿ ರುಕ್ಮಿಣಿ ವಸಂತ್ ಕೊನೆಗೆ ತಿರುಗಿ ಬೀಳುವಾಗ ಅವರ ಕಣ್ಣು ನೋಡಬೇಕು. ಕಾಡು, ಮಣ್ಣು, ಮಳೆ ಎಲ್ಲ ನಮ್ಮದೇ.

ಆದರೂ ಮೊದಲ ಸಲದ ಹಾಗೆ ಆಗಲಿಲ್ಲ. ಯಾಕೆ ಅಂತ ಮನೆಗೆ ಬಂದು ಯೋಚಿಸಿದೆ. ಇಲ್ಲಿ ದೈವ ಒಂದಕ್ಕಿಂತ ಜಾಸ್ತಿ ಸಲ ಮೈದುಂಬುತ್ತದೆ. ಮೊದಲನೇ ಸಲ ನಾನು ಕುರ್ಚಿಯ ತುದಿಗೆ ಬಂದೆ. ಮತ್ತೆ ಬಂದಾಗ ಒರಗಿ ಕೂತೆ. ನನ್ನ ಕಸುಬಿನ ಮಾತಲ್ಲಿ ಹೇಳುತ್ತೇನೆ. ಮಾರ್ಫಿನ್ ತರಹದ ನೋವಿನ ಮಾತ್ರೆಯನ್ನು ದಿನಾ ತಗೊಳ್ಳುವವರಿಗೆ ಬರಬರುತ್ತಾ ಅದೇ ಡೋಸ್ ಸಾಲದೆ ಹೋಗಬಹುದು. ಮಾತ್ರೆ ಹಾಗೇ ಇರುತ್ತದೆ, ಮೈ ಅದಕ್ಕೆ ಒಗ್ಗಿರುತ್ತದೆ. ಆ ಕೂಗೂ ಹಾಗೆ. ಎರಡೂವರೆ ಗಂಟೆಗೆ ಒಂದೇ ಸಲ ಬಂದರೆ ಅದರ ತಾಕತ್ತೇ ಬೇರೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಸಿನಿಮಾ ಬಿಡುಗಡೆಯಾದ ಮೇಲೆ ಕೆಲವರು ಥಿಯೇಟರಿಗೆ ದೈವದ ವೇಷ ಹಾಕಿಕೊಂಡು ಬಂದರು, ಕೂಗಿದರು, ಮೈಮೇಲೆ ಬಂದ ಹಾಗೆ ಆಡಿದರು. ವಿಡಿಯೋ ಎಲ್ಲ ಕಡೆ ಓಡಾಡಿತು. ದಯವಿಟ್ಟು ಹಾಗೆ ಮಾಡಬೇಡಿ ಅಂತ ಹೊಂಬಾಳೆಯವರೇ ಕೇಳಿಕೊಂಡರು. ಒಳ್ಳೆಯದಾಯಿತು. ನಮ್ಮ ಕಡೆ ದೈವ ಕಟ್ಟುವವರು ತಲೆತಲಾಂತರದಿಂದ ಕಟ್ಟುಕಟ್ಟಳೆ ಪಾಲಿಸಿಕೊಂಡು ಬಂದವರು. ಕೋಲಕ್ಕೆ ಮುಂಚೆ ಮೈಗೆ ಹಚ್ಚುವ ಎಣ್ಣೆ ಪಡೆಯುವುದಕ್ಕೆ ಕ್ರಮ ಇದೆ, ಕಾಲಿಗೆ ಗಗ್ಗರದ ಗೆಜ್ಜೆ ಕಟ್ಟುವುದಕ್ಕೆ ಕ್ರಮ ಇದೆ. ಬೆನ್ನಿಗೆ ಕಟ್ಟುವ ದೊಡ್ಡ ಅಣಿಯ ಅಲಂಕಾರ ಹೊತ್ತು ಇಡೀ ರಾತ್ರಿ ನಿಲ್ಲುವ ಆ ಮೈಗೆ ಎಷ್ಟು ನೋವಿರುತ್ತದೆ ಅಂತ ನನಗೆ ಗೊತ್ತು. ಬೆಳಿಗ್ಗೆ ನೋವಿನ ಎಣ್ಣೆ ಕೇಳಿಕೊಂಡು ಬಂದವರಿಗೆ ನಾನೇ ಕೊಟ್ಟಿದ್ದೇನೆ, ಊರಲ್ಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ. ಅದನ್ನು ಪಾಪ್‌ಕಾರ್ನ್ ಕೌಂಟರಿನ ಮುಂದೆ ಆಡಿ ತೋರಿಸುವುದು ನೋಡಿ ಸಂಕಟ ಆಯಿತು.

ಈಗ ಕಟ್ಟಳೆಯ ಮಾತಿಗೆ ಬರುತ್ತೇನೆ. ಫ್ಯಾಂಟಸಿ ಅಂದರೆ ಏನು ಬೇಕಾದರೂ ಆಗಬಹುದು ಅಂತ ಕೆಲವರು ತಿಳಿದಿದ್ದಾರೆ. ಏನು ಬೇಕಾದರೂ ಆಗುವುದಾದರೆ ನನಗೆ ಯಾಕೆ ಭಯ ಆಗಬೇಕು?

2025ರ ಜುಲೈ 25ಕ್ಕೆ 'ಮಹಾವತಾರ್ ನರಸಿಂಹ' ಅನ್ನುವ ಅನಿಮೇಷನ್ ಚಿತ್ರ ಬಂತು. ಅಶ್ವಿನ್ ಕುಮಾರ್ ನಿರ್ದೇಶನ. ಇದನ್ನೂ ಹೊಂಬಾಳೆಯವರು ಅರ್ಪಿಸಿದ್ದರು. ಇದು ಇಷ್ಟು ಓಡುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ನಾವು ಹೋದ ದಿನ ಥಿಯೇಟರಿನಲ್ಲಿ ಕೆಲವರು ಚಪ್ಪಲಿ ಬಿಟ್ಟು ಕೂತಿದ್ದರು. ಅಜ್ಜಿಯರು, ಮಕ್ಕಳು, ಭಜನಾ ಮಂಡಳಿಯವರು. ಅನಿಮೇಷನ್ ನೋಡಿದರೆ, ಮುಖಗಳು ಕೆಲವು ಕಡೆ ಮರದ ಬೊಂಬೆಯ ಹಾಗಿವೆ. ತುಟಿ ಅಲುಗುವುದಕ್ಕೂ ಮಾತಿಗೂ ಹೊಂದಿಕೆ ಇಲ್ಲ. ಆದರೂ ಕೊನೆಯ ಅರ್ಧ ಗಂಟೆ ಯಾರೂ ಅಲುಗಾಡಲಿಲ್ಲ. ನಾನೂ ಅಲುಗಾಡಲಿಲ್ಲ.

ಯಾಕೆಂದರೆ ಆ ಕಥೆಯೇ ಕಟ್ಟಳೆಯ ಮೇಲೆ ನಿಂತಿದೆ. ಹಿರಣ್ಯಕಶಿಪು ಏನು ವರ ಕೇಳಿದ? ಹಗಲಲ್ಲೂ ಸಾವು ಬೇಡ, ರಾತ್ರಿಯಲ್ಲೂ ಬೇಡ. ಮನೆ ಒಳಗೂ ಬೇಡ, ಹೊರಗೂ ಬೇಡ. ಮನುಷ್ಯನಿಂದಲೂ ಬೇಡ, ಮೃಗದಿಂದಲೂ ಬೇಡ. ನೆಲದ ಮೇಲೂ ಬೇಡ, ಆಕಾಶದಲ್ಲೂ ಬೇಡ. ಆಯುಧದಿಂದ ಬೇಡ. ಕೇಳುವ ಮಗುವಿಗೆ ಆಗಲೇ ತಲೆ ಓಡಲು ಶುರುವಾಗುತ್ತದೆ. ಹಾಗಾದರೆ ಇವನನ್ನು ಕೊಲ್ಲುವುದು ಹೇಗೆ? ದೇವರು ಅಂದಮೇಲೆ ಸುಮ್ನೆ ವರ ರದ್ದು ಮಾಡಬಹುದಿತ್ತು. ಮಾಡುವುದಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಂಡೇ ಬರುತ್ತಾನೆ. ಮುಸ್ಸಂಜೆಗೆ ಬರುತ್ತಾನೆ. ಹೊಸ್ತಿಲ ಮೇಲೆ ಕೂರುತ್ತಾನೆ. ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಾನೆ. ಉಗುರಲ್ಲಿ ಸೀಳುತ್ತಾನೆ. ಪ್ರತಿಯೊಂದು ಬೇಡಕ್ಕೂ ಒಂದೊಂದು ಉತ್ತರ. ಇದಕ್ಕಿಂತ ಚೆನ್ನಾಗಿ ಕಟ್ಟಿದ ಫ್ಯಾಂಟಸಿ ನನಗೆ ಗೊತ್ತಿಲ್ಲ. ನಮ್ಮ ಮನೆಗಳಲ್ಲಿ ಅದನ್ನು ಅನ್ನ ಕಲಸುತ್ತಾ ಹೇಳುತ್ತಾರೆ.

ನನ್ನ ವಯಸ್ಸಿನವರಿಗೆ ಈ ಕಥೆ ಅಂದರೆ 1983ರ 'ಭಕ್ತ ಪ್ರಹ್ಲಾದ'. ರಾಜ್‌ಕುಮಾರ್ ಹಿರಣ್ಯಕಶಿಪು. ಪ್ರಹ್ಲಾದನಾಗಿ ಪುಟ್ಟ ಪುನೀತ್. ಆಗ ಮಾಸ್ಟರ್ ಲೋಹಿತ್ ಅಂತ ಹೆಸರು. ಅಪ್ಪ ಮಗನೇ ಅಪ್ಪ ಮಗನಾಗಿ ನಿಂತಿದ್ದರು. ಆ ಕಾಲದ ತಂತ್ರ ಇವತ್ತು ಕಣ್ಣಿಗೆ ಕಾಣುತ್ತದೆ. ಆದರೆ ಕಂಬ ಒಡೆಯುವ ಮುಂಚೆ ರಾಜ್‌ಕುಮಾರ್ ಗದೆ ಹಿಡಿದು ನಿಲ್ಲುವ ರೀತಿ ನೋಡಿ. ಆ ದೊಡ್ಡ ಮೈಯೊಳಗೆ ಒಂದು ಸಣ್ಣ ಅನುಮಾನ ಹುಟ್ಟುತ್ತದೆ, ಈ ಹುಡುಗ ಹೇಳುವುದು ನಿಜ ಇರಬಹುದಾ ಅಂತ. ಹೊಸ ಸಿನಿಮಾ ನೋಡಿ ಬಂದ ವಾರವೇ ಮಗಳಿಗೆ ಅದನ್ನು ಹಾಕಿ ತೋರಿಸಿದೆ. ಪುನೀತ್ ಕಂಡ ತಕ್ಷಣ ನನ್ನ ಹೆಂಡತಿ ಟಿವಿಯ ಮುಂದಿನಿಂದ ಎದ್ದು ಹೋದಳು. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಒರೆಸಿಕೊಂಡು ಬಂದು ಕೂತಳು.

ತೆಲುಗಿನ 'ಹನುಮಾನ್' ಬಂದಿದ್ದು 2024ರ ಸಂಕ್ರಾಂತಿಗೆ. ಪ್ರಶಾಂತ್ ವರ್ಮಾ ನಿರ್ದೇಶನ, ತೇಜ ಸಜ್ಜಾ ನಾಯಕ. ಸಣ್ಣ ಖರ್ಚಿನದು. ಕಥೆಯ ಊರಿನ ಹೆಸರು ಅಂಜನಾದ್ರಿ, ಅದು ಕಲ್ಪನೆಯ ಊರು. ನಮ್ಮವರಿಗೆ ಹೆಸರು ಕೇಳಿದ ತಕ್ಷಣ ಆನೆಗುಂದಿ ಹತ್ತಿರದ ಬೆಟ್ಟ ನೆನಪಾಗುತ್ತದೆ. ಆ ಹುಡುಗನಿಗೆ ಸಿಕ್ಕಿದ ಮಣಿ ಕೆಲಸ ಮಾಡುವುದು ಹಗಲ ಬೆಳಕಲ್ಲಿ ಮಾತ್ರ. ಇಷ್ಟೇ ಸಣ್ಣ ಕಟ್ಟಳೆ. ಅದರಿಂದ ಕತ್ತಲಾಗುತ್ತಾ ಬಂದರೆ ನಮಗೆ ಎದೆ ಡವಡವ. ತಮಾಷೆ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು, ಆದರೂ ಮಕ್ಕಳ ಜೊತೆ ನೋಡಲು ಒಳ್ಳೆಯ ಸಿನಿಮಾ.

ಇನ್ನೊಂದು ನನಗೆ ತುಂಬ ಹತ್ತಿರ ಆದದ್ದು ಮಲಯಾಳದ 'ಲೋಕಃ ಅಧ್ಯಾಯ 1: ಚಂದ್ರ'. 2025ರ ಆಗಸ್ಟ್‌ನಲ್ಲಿ ಬಂತು. ಡೊಮಿನಿಕ್ ಅರುಣ್ ನಿರ್ದೇಶನ, ಕಲ್ಯಾಣಿ ಪ್ರಿಯದರ್ಶನ್ ನಾಯಕಿ. ಸುಮಾರು 30 ಕೋಟಿಯಲ್ಲಿ ಮುಗಿಸಿದರು ಅಂತ ಓದಿದೆ. ಕೇರಳದಲ್ಲಿ ಕಳ್ಳಿಯಂಕಾಟ್ಟು ನೀಲಿ ಅಂತ ಒಬ್ಬ ಯಕ್ಷಿಯ ಕಥೆ ಇದೆ. ರಾತ್ರಿ ದಾರಿಯಲ್ಲಿ ಸುಂದರ ಹೆಂಗಸಾಗಿ ನಿಂತು ಎಲೆಯಡಿಕೆಗೆ ಸುಣ್ಣ ಕೇಳುವ ಯಕ್ಷಿಯರ ಕಥೆ ನಮ್ಮ ಗಡಿ ಊರುಗಳಲ್ಲೂ ಹೇಳುತ್ತಾರೆ. ಆ ನೀಲಿ ಇವತ್ತೂ ಬದುಕಿದ್ದರೆ? ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿಕೊಂಡಿದ್ದರೆ? ಇದು ಆ ಸಿನಿಮಾ.

ಯೋಚನೆ ಎಷ್ಟು ಸಹಜವಾಗಿದೆ ನೋಡಿ. ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಪರದೆ ಎಳೆದು ಮಲಗುವವರು ಸಾವಿರಾರು ಜನ. ಎದುರು ಮನೆಯಲ್ಲಿ ಯಾರಿದ್ದಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಯಕ್ಷಿ ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಊರು ಬೇಕಾ? ಅವಳಿಗೆ ಬಿಸಿಲು ಆಗುವುದಿಲ್ಲ. ರಕ್ತ ಬೇಕು. ವಯಸ್ಸಾಗುವುದಿಲ್ಲ, ಹಾಗಾಗಿ ಯಾರನ್ನೂ ಹಚ್ಚಿಕೊಳ್ಳುವ ಹಾಗಿಲ್ಲ. ಬಲ ಇದೆ, ಅದಕ್ಕೆ ಅವಳು ದಿನಾ ಬೆಲೆ ತೆರುತ್ತಿದ್ದಾಳೆ. ಅವಳ ಬಾಲ್ಯ ತೋರಿಸುವ ಭಾಗದಲ್ಲಿ ಕಾಡಿನ ಜನರ ಮೇಲೆ ಅರಸನ ಕಡೆಯವರು ಬೀಳುತ್ತಾರೆ. ಆ ಹುಡುಗಿ ಗುಹೆಯೊಳಗೆ ಹೋಗಿ ಬೇರೆಯೇ ಆಗಿ ಹೊರಗೆ ಬರುತ್ತಾಳೆ. ಅದನ್ನು ನೋಡಿದ ಮೇಲೆ ಜನ ಅವಳನ್ನು ಯಕ್ಷಿ ಅಂದದ್ದು ಯಾಕೆ, ಅವಳಿಗೆ ಆದದ್ದು ಏನು, ಎರಡೂ ಗೊತ್ತಾಗುತ್ತದೆ. ಊರಿನ ಕಥೆಗಳಲ್ಲಿ ಬರುವ ಎಲ್ಲ ಯಕ್ಷಿ, ಮೋಹಿನಿಯರ ಬಗ್ಗೆ ನಾನು ಆಮೇಲೆ ಬೇರೆ ರೀತಿ ಯೋಚಿಸಿದೆ. ಅವರಿಗೂ ಮೊದಲು ಏನೋ ಆಗಿರಬೇಕಲ್ಲ.

ಈ ಸಿನಿಮಾದಲ್ಲಿ ಬೆಂಗಳೂರಿನ ಹುಡುಗಿಯರ ಬಗ್ಗೆ ಒಂದು ಮಾತಿತ್ತು. ಅದಕ್ಕೆ ನಮ್ಮವರು ಬೇಸರ ಮಾಡಿಕೊಂಡರು. ನನಗೂ ಬೇಸರ ಆಯಿತು. ನಿರ್ಮಾಪಕರು ಕ್ಷಮೆ ಕೇಳಿ, ಆ ಮಾತನ್ನು ತೆಗೆಯುತ್ತೇವೆ ಅಂದರು. ಅಲ್ಲಿಗೆ ಮುಗಿಯಿತು. ಒಂದು ಮಾತಿಗಾಗಿ ಇಡೀ ಸಿನಿಮಾವನ್ನು ಬಿಡಬೇಡಿ.

ಇನ್ನು ದುಡ್ಡಿನ ಮಾತು. 'ಕಲ್ಕಿ 2898 ಎಡಿ' 2024ರ ಜೂನ್‌ನಲ್ಲಿ ಬಂದಾಗ ಸುಮಾರು 600 ಕೋಟಿಯ ಸಿನಿಮಾ ಅಂತ ಹೇಳಿದರು. ನಾಗ್ ಅಶ್ವಿನ್ ನಿರ್ದೇಶನ. ಶುರುವಾಗುವುದೇ ಕುರುಕ್ಷೇತ್ರದಿಂದ, ಕೃಷ್ಣ ಅಶ್ವತ್ಥಾಮನಿಗೆ ಶಾಪ ಕೊಡುವಲ್ಲಿಂದ. ಅಲ್ಲಿಂದ ನೇರ ಗಂಗೆ ಒಣಗಿದ ಕಾಶಿಗೆ. ಆ ಕಾಶಿ ನನಗೆ ಮರೆಯಲಾಗದು. ಹೊಳೆ ಇದ್ದ ಜಾಗದಲ್ಲಿ ಮರಳು. ಮೇಲೆ ಆಕಾಶದಲ್ಲಿ ಶ್ರೀಮಂತರ ನಗರ. ನಾನು ಕಾಶಿಗೆ ಹೋಗಿ ಬಂದವನು, ಅಪ್ಪನ ಅಸ್ಥಿ ಬಿಡಲು. ಆ ಒಣಗಿದ ಘಟ್ಟಗಳನ್ನು ಕಂಡಾಗ ಗಂಟಲು ಕಟ್ಟಿತು.

ಮತ್ತೆ ಅಶ್ವತ್ಥಾಮ. ಗದಾಯುದ್ಧ, ಕುಮಾರವ್ಯಾಸ ಓದಿದ ನಮಗೆ ಅವನು ಹೊಸಬನಲ್ಲ. ಸಾಯಲೂ ಆಗದ, ಗಾಯ ಮಾಯಲೂ ಆಗದ ಮನುಷ್ಯ. ಅಮಿತಾಭ್ ಬಚ್ಚನ್ ಅವರಿಗೆ ಆಗ 81 ವರ್ಷ. ಹಣೆಯ ಬಟ್ಟೆ, ಮಾಸಿದ ಮೈ, ಆ ದನಿ. ಆತ ಗುಹೆಯಲ್ಲಿ ಎದ್ದು ನಿಂತು, ಇನ್ನೂ ನಿಲ್ಲುತ್ತಾ, ಇನ್ನೂ ಎತ್ತರ ಆಗುತ್ತಾ ಹೋಗುವಾಗ ನನಗೆ ದೊಂದಿಯ ಬೆಳಕಿನ ಕೋಡು ನೆನಪಾಯಿತು. ಆರು ಸಾವಿರ ವರ್ಷ ಕಾದ ಆಯಾಸ ಆ ಮುಖದಲ್ಲಿತ್ತು. ಅದನ್ನು ಯಾವ ಕಂಪ್ಯೂಟರೂ ಕೊಟ್ಟಿದ್ದಲ್ಲ.

ಉಳಿದ ಹೊಡೆದಾಟ ಮಾತ್ರ ಜಾಸ್ತಿ. ಪ್ರಭಾಸ್ ಅವರ ಭೈರವನ ಮೊದಲ ಅರ್ಧದ ಜಗಳಗಳಲ್ಲಿ ಯಾರಿಗೆ ಏನಾಗುತ್ತದೆ ಅನ್ನುವ ಚಿಂತೆ ನನಗೆ ಬರಲಿಲ್ಲ. ಗಾಡಿ ಹಾರುತ್ತದೆ, ಜನ ಹಾರುತ್ತಾರೆ, ಎಲ್ಲ ಹತ್ತಿಯ ಹಾಗೆ.

ತೂಕ ಇಲ್ಲದಿರುವುದು ದೊಡ್ಡ ಕೊರತೆ. ಗ್ರಾಫಿಕ್ಸ್ ಚೆನ್ನಾಗಿಲ್ಲ ಅಂತ ನಾವು ಸುಮ್ನೆ ಹೇಳುತ್ತೇವೆ. ನಿಜವಾಗಿ ನಮ್ಮ ಕಣ್ಣು ಏನು ನೋಡುತ್ತದೆ ಗೊತ್ತಾ? ಕಾಲು ನೆಲಕ್ಕೆ ತಾಗುವ ಜಾಗ. ಅಲ್ಲಿ ನೆರಳು ಸರಿಯಾಗಿ ಬೀಳದಿದ್ದರೆ, ಧೂಳು ಏಳದಿದ್ದರೆ, ಪ್ರಾಣಿ ಎಷ್ಟೇ ದೊಡ್ಡದಿರಲಿ, ತೇಲುತ್ತಿದೆ ಅನ್ನಿಸುತ್ತದೆ. ಇನ್ನೊಂದು, ಬೆಳಕು. ನಟನನ್ನು ನೀಲಿ ಪರದೆಯ ಮುಂದೆ ಒಂದು ಬೆಳಕಲ್ಲಿ ನಿಲ್ಲಿಸಿ, ಹಿಂದಿನ ಬೆಟ್ಟವನ್ನು ಬೇರೆ ಬೆಳಕಲ್ಲಿ ಬರೆದರೆ ಎರಡೂ ಸೇರುವುದಿಲ್ಲ. ತಂತ್ರ ಗೊತ್ತಿಲ್ಲದ ನನ್ನ ಅಜ್ಜಿಗೂ ಅದು ಗೊತ್ತಾಗುತ್ತಿತ್ತು. ನಮ್ಮ ಕಣ್ಣಿಗೆ ಹುಟ್ಟಿದಾಗಿನಿಂದ ಬಿಸಿಲು ನೆರಳು ನೋಡಿ ಅಭ್ಯಾಸ ಅಲ್ವಾ?

2023ರ ಜೂನ್‌ನಲ್ಲಿ ಬಂದ, ರಾಮಾಯಣದ ಕಥೆಯ 'ಆದಿಪುರುಷ್' ನೋಡಿ ನನಗೆ ನೋವಾದದ್ದು ಹೀಗೆ. 2022ರ ಅಕ್ಟೋಬರ್‌ನಲ್ಲಿ ಟೀಸರ್ ಬಂದಾಗಲೇ ಜನ ಬೇಡ ಅಂದರು. ಬಿಡುಗಡೆ ಐದು ತಿಂಗಳು ಮುಂದೆ ಹೋಯಿತು. ಆದರೂ ಲಂಕೆ ಬರೀ ಕಪ್ಪು ಬೂದಿ ಬಣ್ಣ. ಬಂಗಾರದ ಲಂಕೆ ಅಂತ ಕೇಳಿ ಬೆಳೆದ ಮಗುವಿಗೆ ಅದನ್ನು ಹೇಗೆ ತೋರಿಸುವುದು? ಕಪಿಗಳ ಸೈನ್ಯಕ್ಕೆ ತೂಕ ಇಲ್ಲ. ಆಡುವ ಮಾತಿಗೂ ತೂಕ ಇಲ್ಲ, ಬಿಡುಗಡೆಯಾದ ಮೇಲೆ ಕೆಲವು ಸಂಭಾಷಣೆ ಬದಲಿಸಬೇಕಾಯಿತು. ರಾಮಾಯಣ ನೋಡಿ ಬಂದು ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅದು ನನಗೆ ತುಂಬ ಬೇಸರದ ಸಂಜೆ.

ಭಾಗ ಒಂದು, ಅಧ್ಯಾಯ ಒಂದು ಅನ್ನುವುದರ ಬಗ್ಗೆ ಎರಡು ಮಾತು. 'ಬಾಹುಬಲಿ' 2015ರ ಜುಲೈನಲ್ಲಿ ಒಂದು ಪ್ರಶ್ನೆ ಇಟ್ಟು ನಿಲ್ಲಿಸಿತು, 2017ರ ಏಪ್ರಿಲ್‌ನಲ್ಲಿ ಉತ್ತರ ಕೊಟ್ಟಿತು. ದೇಶವೇ ಕಾಯಿತು, ಖುಷಿಯಾಗಿ ಕಾಯಿತು. ಅದರ ನಂತರ ಎಲ್ಲರೂ ಹಾಗೇ ನಿಲ್ಲಿಸುತ್ತಾರೆ. 'ಕಲ್ಕಿ' ಕೂಡ ಅರ್ಧದಲ್ಲಿ ನಿಂತಿತು. ಕಾಯಿಸಬೇಕು ಅಂತ ನಾನು ಹೇಳಿದ್ದು ಇದನ್ನಲ್ಲ. ಕಾಯುವುದೂ ಬರುವುದೂ ಒಂದೇ ರಾತ್ರಿಯಲ್ಲಿ ಆಗಬೇಕು. 'ಲೋಕಃ' ಹೆಸರಲ್ಲಿ ಅಧ್ಯಾಯ 1 ಇದ್ದರೂ ಚಂದ್ರ ಅನ್ನುವ ಆ ನಾಯಕಿಯ ಕಥೆ ಆವತ್ತೇ ಒಂದು ನೆಲೆಗೆ ಬರುತ್ತದೆ. ಟಿಕೆಟ್ ಕೊಟ್ಟವರಿಗೆ ಒಂದು ಪೂರ್ತಿ ಊಟ ಬಡಿಸಿದ ಹಾಗೆ.

ಟಿಕೆಟ್ ಅಂದಾಗ ನೆನಪಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟ್ ತಡೆ ಕೊಟ್ಟಿತು. ನಾವು ನಾಲ್ಕು ಜನ ಒಂದು ಮಾಲ್‌ಗೆ ಹೋದರೆ ತಿಂಡಿ ಸೇರಿ ಎರಡು ಸಾವಿರ ದಾಟುತ್ತದೆ. ಅಷ್ಟು ಕೊಟ್ಟು ಕೂತರೆ ಒಮ್ಮೆ ಪರದೆ ಎಷ್ಟು ಮಸುಕಾಗಿತ್ತು ಅಂದರೆ ರಾತ್ರಿಯ ಹೊಡೆದಾಟದಲ್ಲಿ ಯಾರು ಯಾರನ್ನು ಹೊಡೆದರು ಅಂತಲೇ ಕಾಣಲಿಲ್ಲ. ಸಾವಿರಾರು ಜನ ವರ್ಷಗಟ್ಟಲೆ ಕೂತು ಮಾಡಿದ ಕೆಲಸ ಅದು. ಒಂದು ಒಳ್ಳೆಯ ಬಲ್ಬು ಹಾಕಿದರೆ ಅವರ ಶ್ರಮ ನಮಗೆ ಮುಟ್ಟುತ್ತದೆ.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಹಿರಿಯರು ಕೇಳಿದರು, "ಮುಂದೆ ಯಾವುದಕ್ಕೆ ಕಾಯ್ತಾ ಇದ್ದೀರಿ?" ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ನಿತೇಶ್ ತಿವಾರಿ ಅವರ ರಾಮಾಯಣ. ಮೊದಲ ಭಾಗ 2026ರ ದೀಪಾವಳಿಗೆ ಅಂತ ಘೋಷಿಸಿದ್ದಾರೆ. ನಮ್ಮ ಯಶ್ ರಾವಣ. ರಾವಣ ನಮ್ಮಲ್ಲಿ ಬಣ್ಣದ ವೇಷ. ಮಾವ ಹತ್ತಾರು ವರ್ಷ ಮಾಡಿದ ವೇಷ. ತೆರೆಯ ಹಿಂದಿನಿಂದ ಮೊದಲು ಕಿರೀಟದ ತುದಿ ಮಾತ್ರ ಕಾಣುತ್ತದೆ. ಆಮೇಲೆ ತೆರೆ ಹಿಡಿದ ಬೆರಳು. ತೆರೆ ಸ್ವಲ್ಪ ಕೆಳಗೆ ಬರುತ್ತದೆ, ಕಣ್ಣು ಕಾಣುತ್ತದೆ, ತಕ್ಷಣ ಮೇಲೆ ಹೋಗುತ್ತದೆ. ಚೆಂಡೆಯವರಿಗೆ ಗೊತ್ತು ಎಷ್ಟು ಹೊತ್ತು ಎಳೆಯಬೇಕು ಅಂತ. ಸಿನಿಮಾದವರು ರಾವಣನನ್ನು ಹೇಗೆ ತರುತ್ತಾರೋ ನೋಡಬೇಕು. ಒಂದೇ ಸಲ ಹತ್ತು ತಲೆ ತೋರಿಸಿಬಿಡುತ್ತಾರಾ, ಅಥವಾ ಮೊದಲು ಒಂದು ಬೆರಳು ತೋರಿಸುತ್ತಾರಾ?

ಮಾವನಿಗೆ ಈಗ ಕಣ್ಣು ಮೊದಲಿನಷ್ಟು ಸ್ಪಷ್ಟ ಇಲ್ಲ. ಕಿವಿ ಚೆನ್ನಾಗಿದೆ. ಹೋದ ತಿಂಗಳು ಊರಿಗೆ ಹೋದಾಗ ಹೇಳಿದೆ. "ಕರ್ಕೊಂಡು ಹೋಗ್ತೀಯಾ?" ಅಂದರು. ಹ್ಞೂಂ ಅಂದೆ. "ಮುಂದಿನ ಸಾಲಲ್ಲಿ ಬೇಡ, ನಡುವಿನ ದಾರಿ ಪಕ್ಕ ತಗೋ" ಅಂದರು. ಅಸುರ ಬರುವುದು ಆ ದಾರಿಯಲ್ಲೇ ಅಂತ ಅವರಿಗೆ ಈಗಲೂ ಅಭ್ಯಾಸ.